ಓದಲಾಗದ ಗ್ರಂಥ: ಅಕ್ಷರಗೌರವ ಮತ್ತು ಓದುಗನ ಹೊಣೆ

ಹಿಂದಿನ ಕಾಲದ ಚೀನಾದಲ್ಲಿ ಒಂದು ವಿಶಿಷ್ಟ ಪದ್ಧತಿಯಿತ್ತು. ಬರಹವಿರುವ ಕಾಗದವನ್ನು ಕಸದೊಡನೆ ಎಸೆಯುತ್ತಿರಲಿಲ್ಲ. ಅದು ಕಾಲಿಗೆ ಸೋಕದಂತೆ ನೋಡಿಕೊಳ್ಳುತ್ತಿದ್ದರು. ಬೀದಿಯಲ್ಲಿ ಬಿದ್ದ ಅಕ್ಷರದ ಚೂರುಗಳನ್ನು ಆಯ್ದು ತಂದು, ಅದಕ್ಕೆಂದೇ ಕಟ್ಟಿದ ಪುಟ್ಟ ಗೋಪುರದಂತಹ ಒಲೆಯಲ್ಲಿ ಸುಟ್ಟು, ಬೂದಿಯನ್ನು ಹರಿಯುವ ನೀರಿಗೆ ಬಿಡುತ್ತಿದ್ದರು. ಈ ಕಾರ್ಯಕ್ಕಾಗಿಯೇ ಸಂಘಗಳಿದ್ದವು. ಅದು ಪುಣ್ಯಪ್ರದವೆಂಬ ನಂಬಿಕೆ ಬಲವಾಗಿತ್ತು. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಸಂಸ್ಕಾರದಲ್ಲಿ ಬೆಳೆದವರಿಗೆ ಈ ಭಾವನೆ ಅಪರಿಚಿತವಲ್ಲ.

ಆದರೆ ಈ ಗೌರವವು ಯಾವುದಕ್ಕೆ ಸಲ್ಲುತ್ತದೆ ಎಂಬ ಪ್ರಶ್ನೆ ವಿಚಾರಾರ್ಹವಾದುದು. ಕಾಗದದ ಮೇಲಣ ಗೆರೆಗಳಿಗೋ, ಆ ಗೆರೆಗಳು ಹೊತ್ತಿರುವ ಅರ್ಥಕ್ಕೋ? ಅರ್ಥವನ್ನು ಸಂಪೂರ್ಣವಾಗಿ ತೆಗೆದುಹಾಕಿ ಗೆರೆಗಳನ್ನು ಮಾತ್ರ ಉಳಿಸಿದರೆ ಗೌರವವೂ ಹೊರಟುಹೋಗುವುದೋ, ಉಳಿಯುವುದೋ? 20ನೆಯ ಶತಮಾನದ ಕೊನೆಯಲ್ಲಿ ಚೀನಾದ ಮುದ್ರಣಕಲಾವಿದರಾದ ಷು ಬಿಂಗ್ ಅವರು ಈ ಪ್ರಶ್ನೆಯನ್ನು ಪ್ರಬಂಧವಾಗಿ ಬರೆಯಲಿಲ್ಲ. ಮರದ ಮೊಳೆಗಳಲ್ಲಿ ಕೆತ್ತಿ, ಅಚ್ಚು ಹಾಕಿ, ದಾರದಿಂದ ಹೊಲಿದು, ನಾಲ್ಕು ಸಂಪುಟಗಳ ಗ್ರಂಥವನ್ನಾಗಿ ಜನರ ಮುಂದಿರಿಸಿದರು. ‘ಆಕಾಶದ ಗ್ರಂಥ’ವೆಂದು ಪ್ರಸಿದ್ಧವಾದ ಆ ಕೃತಿಯ ಇತಿಹಾಸವು ಓದುವ, ಬರೆಯುವ, ಗ್ರಂಥಗಳನ್ನು ಕಾಪಾಡುವ ಎಲ್ಲರೂ ಅರಿಯಬೇಕಾದುದು.

ಅಚ್ಚಿನ ಪರಂಪರೆ

ಅಚ್ಚಿನ ಕಲೆ ಚೀನಾದಲ್ಲಿ ಬಹು ಪುರಾತನವಾದುದು. ಮುದ್ರಣದ ದಿನಾಂಕವುಳ್ಳ, ಪೂರ್ಣರೂಪದಲ್ಲಿ ಉಳಿದುಬಂದ ಅತಿ ಪ್ರಾಚೀನ ಮುದ್ರಿತ ಗ್ರಂಥವೆಂದು ಹೆಸರಾದುದು ಕ್ರಿ.ಶ. 868ರ ವಜ್ರಚ್ಛೇದಿಕಾ ಸೂತ್ರದ ಸುರುಳಿ. ದುನ್‌ಹುವಾಂಗಿನ ಗುಹೆಯಲ್ಲಿ ದೊರೆತ ಈ ಬೌದ್ಧ ಗ್ರಂಥವು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ವಾಂಗ್ ಜಿಯೆ ಎಂಬಾತನು ತನ್ನ ತಂದೆತಾಯಿಗಳ ಹೆಸರಿನಲ್ಲಿ ಉಚಿತವಾಗಿ ಹಂಚುವುದಕ್ಕೆಂದು ಇದನ್ನು ಅಚ್ಚು ಹಾಕಿಸಿದನೆಂದು ಅದರ ಕೊನೆಯಲ್ಲಿ ನಮೂದಾಗಿದೆ. ಮುಂದಿನ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಶಾಸ್ತ್ರದಾನ ಮಾಡಿದ ವೃತ್ತಾಂತವನ್ನು ಬಲ್ಲವರಿಗೆ ವಾಂಗ್ ಜಿಯೆಯ ಆಶಯ ಸುಲಭವಾಗಿ ತಿಳಿದೀತು. ದೇಶ ಬೇರೆ, ಧರ್ಮ ಬೇರೆ. ಗ್ರಂಥವನ್ನು ಹಲವಾಗಿಸಿ ಹಂಚುವುದು ಪುಣ್ಯವೆಂಬ ಬುದ್ಧಿ ಒಂದೇ.

ಇಡೀ ಪುಟವನ್ನು ಒಂದೇ ಹಲಗೆಯಲ್ಲಿ ಕೆತ್ತುವುದು ಮೊದಲಿನ ಕ್ರಮ. 11ನೆಯ ಶತಮಾನದ ಮಧ್ಯಭಾಗದಲ್ಲಿ ಬಿ ಷೆಂಗ್ ಎಂಬ ಕುಶಲಕರ್ಮಿಯು ಸುಟ್ಟ ಜೇಡಿಮಣ್ಣಿನಿಂದ ಒಂದೊಂದು ಅಕ್ಷರಕ್ಕೆ ಒಂದೊಂದು ಮೊಳೆಯನ್ನು ಮಾಡಿ, ಜೋಡಿಸಿ ಅಚ್ಚು ಹಾಕುವ ವಿಧಾನವನ್ನು ಕಂಡುಹಿಡಿದನು. ಯುರೋಪಿನಲ್ಲಿ ಗುಟೆನ್‌ಬರ್ಗ್ ಮೊಳೆ ಜೋಡಿಸುವುದಕ್ಕೆ ಸುಮಾರು 400 ವರ್ಷ ಮೊದಲಿನ ಮಾತಿದು. 14ನೆಯ ಶತಮಾನದ ಆರಂಭದಲ್ಲಿ ವಾಂಗ್ ಝೆನ್ ಎಂಬ ಅಧಿಕಾರಿಯು ಮರದ ಮೊಳೆಗಳ ಬಳಕೆಯನ್ನು ವಿವರವಾಗಿ ಬರೆದಿಟ್ಟನು. ಮಿಂಗ್ ಅರಸರ ಕಾಲದಲ್ಲಿ ಅಚ್ಚಿನ ಕೆಲಸಗಾರರು ಕೆತ್ತಲು ಸುಲಭವಾಗಲೆಂದು ಅಡ್ಡಗೆರೆಯನ್ನು ತೆಳ್ಳಗೆ, ಉದ್ದಗೆರೆಯನ್ನು ದಪ್ಪಗೆ ಮಾಡಿ ಚೌಕವಾದ ಒಂದು ಅಕ್ಷರರೂಪವನ್ನು ರೂಢಿಸಿದರು. ‘ಸೊಂಗ್’ ಎಂಬ ಹೆಸರಿನ ಆ ರೂಪವೇ ಇಂದಿಗೂ ಅಲ್ಲಿನ ಪುಸ್ತಕ, ಪತ್ರಿಕೆ, ಸರ್ಕಾರಿ ಕಾಗದಗಳಲ್ಲಿ ಕಾಣುತ್ತದೆ. ಬರೆದವನ ಕೈಯ ಗುರುತು ಅದರಲ್ಲಿಲ್ಲ. ಅದು ಯಾರೊಬ್ಬರ ದನಿಯೂ ಅಲ್ಲದ, ಗ್ರಂಥದ ದನಿ.

20ನೆಯ ಶತಮಾನದ ಉತ್ತರಾರ್ಧದಲ್ಲಿ ಜಗತ್ತಿನ ಹಲವೆಡೆ ಕಲಾವಿದರು ಅಕ್ಷರವನ್ನೇ ಅಚ್ಚುಚಿತ್ರದ ವಸ್ತುವನ್ನಾಗಿ ಮಾಡಿಕೊಂಡರು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಸಂನ್ಯಾಸಿನಿಯಾಗಿದ್ದ ಕೊರಿಟಾ ಕೆಂಟ್ 1960ರ ದಶಕದಲ್ಲಿ ಜಾಹೀರಾತಿನ ಮಾತುಗಳನ್ನೇ ತೆಗೆದುಕೊಂಡು, ಸ್ಕ್ರೀನ್ ಪ್ರಿಂಟಿಂಗ್ ವಿಧಾನದಿಂದ ಅವಕ್ಕೆ ಶಾಂತಿ ಮತ್ತು ದಯೆಯ ಅರ್ಥವನ್ನು ತುಂಬಿದರು. ಆಕೆ ಇದ್ದ ಮಾತಿಗೆ ಹೊಸ ಅರ್ಥ ಕೊಟ್ಟರೆ, ಷು ಬಿಂಗ್ ಅಕ್ಷರದಿಂದ ಅರ್ಥವನ್ನೇ ಹಿಂತೆಗೆದುಕೊಂಡರು. ಹಾಗೆ ಮಾಡಲು ಕಾರಣವೇನೆಂಬುದನ್ನು ಅವರ ಬಾಳಿನ ಹಿನ್ನೆಲೆಯಲ್ಲಿಯೇ ನೋಡಬೇಕು.

ಅಕ್ಷರಗಳ ನಡುವಿನ ಬಾಲ್ಯ

ಷು ಬಿಂಗ್ 1955ರಲ್ಲಿ ಚಾಂಗ್‌ಕಿಂಗ್ ನಗರದಲ್ಲಿ ಜನಿಸಿ, ಬೀಜಿಂಗಿನಲ್ಲಿ ಬೆಳೆದರು. ತಂದೆ ಪೀಕಿಂಗ್ ವಿಶ್ವವಿದ್ಯಾನಿಲಯದ ಇತಿಹಾಸ ವಿಭಾಗದಲ್ಲಿ, ತಾಯಿ ಅಲ್ಲಿಯ ಗ್ರಂಥಾಲಯಶಾಸ್ತ್ರ ವಿಭಾಗದಲ್ಲಿ ಸೇವೆಯಲ್ಲಿದ್ದರು. ಓದಲು ಬರುವುದಕ್ಕೆ ಮೊದಲೇ ಬಾಲಕನು ಪುಸ್ತಕದ ರಾಶಿಗಳ ನಡುವೆ ಓಡಾಡಿಕೊಂಡಿದ್ದನು. ದಿನವೂ ಒಂದು ಪುಟ ಅಕ್ಷರವನ್ನು ಕುಂಚದಿಂದ ತಿದ್ದಬೇಕೆಂಬುದು ತಂದೆಯ ಕಟ್ಟಳೆ.

ಆ ಅಕ್ಷರಗಳೇ ಸ್ಥಿರವಾಗಿರಲಿಲ್ಲ. ಸಾಕ್ಷರತೆಯನ್ನು ಹೆಚ್ಚಿಸಲೆಂದು ಚೀನಾ ಸರ್ಕಾರವು 1956ರಲ್ಲಿ ಲಿಪಿಯನ್ನು ಸರಳಗೊಳಿಸುವ ಯೋಜನೆಯನ್ನು ಜಾರಿಗೆ ತಂದಿತು. ಶಾಲೆಯ ಮಕ್ಕಳು ಕಲಿತುದನ್ನು ಮರೆತು ಹೊಸದನ್ನು ಕಲಿಯಬೇಕಾಯಿತು. 1977ರಲ್ಲಿ ಮತ್ತೊಂದು ಸುತ್ತಿನ ಸರಳೀಕರಣ ಪ್ರಕಟವಾಯಿತು. ಅದನ್ನು 1986ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಶಾಶ್ವತವೆಂದು ತಂದೆಯು ತಿದ್ದಿಸಿದ ಅಕ್ಷರವು ಒಂದು ಆಜ್ಞೆಯಿಂದ ಬದಲಾಗಬಲ್ಲುದೆಂಬುದನ್ನು ಆ ಪೀಳಿಗೆ ಎಳೆವಯಸ್ಸಿನಲ್ಲೇ ಕಂಡಿತು.

ಇದಕ್ಕಿಂತ ಘೋರವಾದ ಪಾಠ 1966ರಲ್ಲಿ ಆರಂಭವಾದ ಸಾಂಸ್ಕೃತಿಕ ಕ್ರಾಂತಿಯಿಂದ ಬಂದಿತು. ಆ ದಿನಗಳಲ್ಲಿ ವಿಶ್ವವಿದ್ಯಾನಿಲಯಗಳ ಗೋಡೆಗಳು ‘ದೊಡ್ಡಕ್ಷರದ ಭಿತ್ತಿಪತ್ರ’ಗಳಿಂದ ತುಂಬಿಹೋದವು. ಆಳೆತ್ತರದ ಕಾಗದದ ಮೇಲೆ ಕಪ್ಪುಶಾಯಿಯ ದಪ್ಪ ಅಕ್ಷರಗಳಲ್ಲಿ ಅಧ್ಯಾಪಕರ, ಲೇಖಕರ, ನೆರೆಯವರ ಹೆಸರುಗಳನ್ನು ಬರೆದು ದ್ರೋಹಿಗಳೆಂದು ಘೋಷಿಸಲಾಯಿತು. ಅಂತಹ ಬರಹವೊಂದು ಗೋಡೆಗೇರಿದರೆ ವಿಚಾರಣೆಯಿಲ್ಲದೆ ಮನುಷ್ಯನ ಮಾನ, ಉದ್ಯೋಗ, ಕೆಲವೊಮ್ಮೆ ಪ್ರಾಣವೇ ಹೋಗುತ್ತಿತ್ತು. ಷು ಬಿಂಗ್ ಅವರ ತಂದೆಯೂ ಹೀಗೆ ಖಂಡನೆಗೊಳಗಾದರು. ಮಗನ ಕೈಬರಹ ಅಂದವಾಗಿದ್ದುದರಿಂದ ಶಾಲೆಯ ಘೋಷಣೆ, ಭಿತ್ತಿಪತ್ರಗಳನ್ನು ಬರೆಯುವ ಕೆಲಸ ಅವನ ಪಾಲಿಗೆ ಬಂದಿತು. ತಂದೆ ಕಲಿಸಿದ ಅಕ್ಷರವನ್ನು, ತಂದೆಯನ್ನೇ ಅಪರಾಧಿಯೆಂದ ಚಳವಳಿಯ ಸೇವೆಗೆ ಬಳಸಬೇಕಾದ ಸಂಕಟವದು.

1974ರಲ್ಲಿ ಇತರ ವಿದ್ಯಾವಂತ ಯುವಕರಂತೆ ಷು ಬಿಂಗ್ ಅವರನ್ನೂ ಹಳ್ಳಿಗೆ ಕಳುಹಿಸಲಾಯಿತು. ಬೆಟ್ಟದ ನಡುವಿನ ಆ ಊರಿನಲ್ಲಿ ಹೊಲಗೆಲಸದ ಜತೆಗೆ, ಊರವರ ಮದುವೆ ಸಾವುಗಳಿಗೆ ಬೇಕಾದ ಬರಹಗಳನ್ನು ಬರೆದುಕೊಟ್ಟರು. ಕೈಯಚ್ಚಿನ ಒಂದು ಪತ್ರಿಕೆಗೆ ಅಕ್ಷರವಿನ್ಯಾಸ ಮಾಡಿದರು. ಸಂಪತ್ತು ಬರಲಿ, ನಿಧಿ ಸೇರಲಿ ಎಂಬರ್ಥದ ನಾಲ್ಕು ಅಕ್ಷರಗಳನ್ನು ಕೂಡಿಸಿ ಒಂದೇ ಅಕ್ಷರದಂತೆ ಬರೆದು ಬಾಗಿಲಿಗೆ ಅಂಟಿಸುವ ಜಾನಪದ ಪದ್ಧತಿ ಅಲ್ಲಿ ಅವರ ಕಣ್ಣಿಗೆ ಬಿದ್ದಿತು. ಅಂತಹ ಅಕ್ಷರ ಯಾವ ನಿಘಂಟಿನಲ್ಲಿಯೂ ಇಲ್ಲ. ಆದರೂ ಜನ ಅದನ್ನು ಭಕ್ತಿಯಿಂದ ಕಾಣುತ್ತಿದ್ದರು. 1977ರಲ್ಲಿ ಅವರು ಬೀಜಿಂಗಿನ ಕೇಂದ್ರೀಯ ಲಲಿತಕಲಾ ಅಕಾಡೆಮಿಯ ಮುದ್ರಣಕಲಾ ವಿಭಾಗವನ್ನು ಸೇರಿ, 1981ರಲ್ಲಿ ಪದವಿ ಪಡೆದು ಅಲ್ಲಿಯೇ ಅಧ್ಯಾಪಕರಾದರು.

ನಾಲ್ಕು ಸಾವಿರ ಮೊಳೆಗಳು

ಯಾರೂ ಓದಲಾಗದ ಒಂದು ಗ್ರಂಥವನ್ನು ರಚಿಸಬೇಕೆಂಬ ಸಂಕಲ್ಪವು 1986ರ ಸುಮಾರಿಗೆ ಮೂಡಿತು. ಕೆಲಸವು 1987ರಲ್ಲಿ ತೊಡಗಿ 1991ರಲ್ಲಿ ಮುಗಿಯಿತು.

ಚೀನಿ ಅಕ್ಷರವು ಹಲವು ಅಂಗಗಳಿಂದ ಕೂಡಿದುದು. ಒಂದು ಅಂಗವು ನೀರು, ಮರ, ಮಾತು ಮುಂತಾದ ವಸ್ತುವರ್ಗವನ್ನು ಸೂಚಿಸಿದರೆ, ಮತ್ತೊಂದು ಉಚ್ಚಾರಣೆಯ ಸುಳಿವನ್ನು ಕೊಡುತ್ತದೆ. ಷು ಬಿಂಗ್ ಈ ಅಂಗಗಳನ್ನು ಉಳಿಸಿಕೊಂಡು, ಎಲ್ಲಿಯೂ ಇಲ್ಲದ ರೀತಿಯಲ್ಲಿ ಜೋಡಿಸಿದರು. ಕನ್ನಡದಲ್ಲಿ ಹೇಳುವುದಾದರೆ ತಲೆಕಟ್ಟು, ಕೊಂಬು, ಒತ್ತು ಎಲ್ಲವೂ ಕ್ರಮಬದ್ಧವಾಗಿದ್ದು, ವರ್ಣಮಾಲೆಯಲ್ಲಿ ಮಾತ್ರ ಇಲ್ಲದ ಅಕ್ಷರವೊಂದನ್ನು ಊಹಿಸಬಹುದು. ನೋಡಿದೊಡನೆ ಪರಿಚಿತವೆನಿಸುತ್ತದೆ, ಓದಹೊರಟರೆ ನಾಲಗೆ ನಿಲ್ಲುತ್ತದೆ. ಇಂತಹ ಅಕ್ಷರಗಳನ್ನು ಅವರು ಸುಮಾರು 4000ದಷ್ಟು ರಚಿಸಿದರು. ದಿನಬಳಕೆಯ ಚೀನಿ ಓದುಬರಹಕ್ಕೆ ಬೇಕಾಗುವ ಅಕ್ಷರಗಳೂ ಹೆಚ್ಚುಕಡಿಮೆ ಅಷ್ಟೇ.

ಪ್ರತಿಯೊಂದು ಅಕ್ಷರವನ್ನೂ ಪೇರುಜಾತಿಯ ಮರದ ಪುಟ್ಟ ತುಂಡಿನ ಮೇಲೆ ತಿರುಗುಮುರುಗಾಗಿ ಬರೆದು, ಸುತ್ತಲ ಮರವನ್ನು ಕೆತ್ತಿ ತೆಗೆದು, ಗೆರೆಗಳು ಮಾತ್ರ ಉಬ್ಬಿ ನಿಲ್ಲುವಂತೆ ಮಾಡಿದರು. ಈ ಕೆತ್ತನೆಯೆಲ್ಲ ಅವರೊಬ್ಬರದೇ. ಕೈಯ ಗುರುತಿಲ್ಲದ ಸೊಂಗ್ ರೂಪವನ್ನೇ ಅವರು ಆರಿಸಿಕೊಂಡುದು ಗಮನಾರ್ಹ. ಅಂದದ ಕೈಬರಹವಾಗಿದ್ದರೆ ನೋಡುಗರು ಕಲಾವಿದನ ಭಾವನೆಯನ್ನು ಅದರಲ್ಲಿ ಹುಡುಕುತ್ತಿದ್ದರು. ಅಚ್ಚಿನ ಅಕ್ಷರವು ಅಂತಹ ಅವಕಾಶವನ್ನು ಕೊಡುವುದಿಲ್ಲ. ಅದು ಪ್ರಮಾಣಗ್ರಂಥದಂತೆ ನಿಷ್ಠುರವಾಗಿ ನಿಂತಿರುತ್ತದೆ.

ಬೀಜಿಂಗಿನ ಹೊರವಲಯದ ಹಳ್ಳಿಯೊಂದರಲ್ಲಿ ಹಳೆಯ ಪದ್ಧತಿಯ ಗ್ರಂಥಗಳನ್ನು ಅಚ್ಚು ಹಾಕುವ ಕಾರ್ಖಾನೆಯಿತ್ತು. ಮೊಳೆಗಳನ್ನು ಅಲ್ಲಿ ಚೌಕಟ್ಟಿನಲ್ಲಿ ಜೋಡಿಸಿ, ಶಾಯಿ ಬಳಿದು, ಕಾಗದ ಹಾಸಿ ಕೈಯಿಂದಲೇ ಅಚ್ಚು ತೆಗೆಯಲಾಯಿತು. ಒಟ್ಟು 604 ಪುಟಗಳು, ನಾಲ್ಕು ಸಂಪುಟಗಳು, ನೀಲಿಯ ಹೊದಿಕೆ, ದಾರದ ಹೊಲಿಗೆ, ಇಡಲು ಮರದ ಪೆಟ್ಟಿಗೆ. ಇಂತಹ ನೂರಕ್ಕೂ ಹೆಚ್ಚು ಪ್ರತಿಗಳು ಸಿದ್ಧವಾದವು. ಮುಖಪುಟ, ವಿಷಯಸೂಚಿ, ಅಧ್ಯಾಯದ ತಲೆಬರಹ, ಮೂಲಪಾಠ ದೊಡ್ಡಕ್ಷರದಲ್ಲಿ, ವ್ಯಾಖ್ಯಾನ ಸಣ್ಣಕ್ಷರದಲ್ಲಿ—ಶಾಸ್ತ್ರಗ್ರಂಥಕ್ಕೆ ಇರಬೇಕಾದುದೆಲ್ಲವೂ ಇದರಲ್ಲಿದ್ದಿತು. ಸೂತ್ರವಿದ್ದಿತು, ವೃತ್ತಿಯಿದ್ದಿತು, ಟಿಪ್ಪಣಿಯಿದ್ದಿತು. ಯಾವುದರಲ್ಲಿಯೂ ಒಂದು ಪದವಿರಲಿಲ್ಲ.

ನೋಡಿದವರ ತಳಮಳ

ಈ ಕೃತಿಯ ಮೊದಲ ಭಾಗವು 1988ರ ಅಕ್ಟೋಬರಿನಲ್ಲಿ ಬೀಜಿಂಗಿನ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿ ಪ್ರದರ್ಶಿತವಾಯಿತು. ಉದ್ದನೆಯ ಅಚ್ಚಿನ ಸುರುಳಿಗಳು ಮಾಡಿನಿಂದ ಇಳಿಬಿದ್ದು ಮೋಡಗಳಂತೆ ಬಾಗಿದ್ದವು. ಅವುಗಳ ಕೆಳಗೆ ತೆರೆದಿಟ್ಟ ಗ್ರಂಥಗಳು ಸಾಲಾಗಿದ್ದವು. ಕಲಾವಿದರು ಕೊಟ್ಟ ಹೆಸರು ಜಗತ್ತನ್ನು ವಿಶ್ಲೇಷಿಸುವ ಕನ್ನಡಿ ಎಂಬರ್ಥದ್ದು. ಜನರು ಅದನ್ನು ‘ತ್ಯೆನ್‌ಷು’ ಎಂದು ಕರೆದರು. ಆ ಮಾತಿಗೆ ಆಕಾಶದಿಂದ ಬಂದ ದಿವ್ಯಗ್ರಂಥವೆಂಬ ಅರ್ಥವೂ ಉಂಟು, ಯಾರಿಗೂ ತಿಳಿಯದ ಬರಹವೆಂಬ ಅರ್ಥವೂ ಉಂಟು. ಕೊನೆಗೆ ಅದೇ ಹೆಸರು ನಿಂತಿತು.

ನೋಡಲು ಬಂದವರು ಮೊದಲು ತಮ್ಮ ಅಜ್ಞಾನಕ್ಕೆ ನಾಚಿದರು. ಬಲ್ಲವರಿಗೆ ಇದು ತಿಳಿದೀತೆಂದುಕೊಂಡರು. ಬಲ್ಲವರು ಬಂದು, ಒಂದಾದರೂ ನಿಜವಾದ ಅಕ್ಷರ ಸಿಕ್ಕೀತೆಂದು ಪುಟಪುಟವನ್ನೂ ಹುಡುಕಿದರು. ಬಾಳೆಲ್ಲ ಗ್ರಂಥಸೇವೆಯಲ್ಲಿ ಕಳೆದವರಿಗೆ ಈ ಅನುಭವ ಹಿತವಾಗಿರಲಿಲ್ಲ. ಓದುಬರಹ ಬಲ್ಲವನನ್ನೂ ಬಾರದವನನ್ನೂ ಈ ಗ್ರಂಥವು ಒಂದೇ ಸಾಲಿನಲ್ಲಿ ನಿಲ್ಲಿಸಿತು. ಅದರ ಮುಂದೆ ಎಲ್ಲರೂ ನಿರಕ್ಷರರು.

1989ರ ಜೂನಿನ ದಾರುಣ ಘಟನೆಗಳ ಬಳಿಕ ವಾತಾವರಣ ಬಿಗಿಯಾಯಿತು. 1990ರಲ್ಲಿ ವಿಮರ್ಶಕರೊಬ್ಬರು ಈ ಕೃತಿಯನ್ನು ‘ದೆವ್ವಗಳು ಗೋಡೆಗೆ ಬಡಿದಂತೆ’ ಎಂದು ಜರೆದರು. ಕತ್ತಲಲ್ಲಿ ದಾರಿ ತಪ್ಪಿ ಸುತ್ತಿದಲ್ಲೇ ಸುತ್ತುವುದಕ್ಕೆ ಚೀನಿ ಜನರು ಆಡುವ ಮಾತದು. ಷು ಬಿಂಗ್ ಪ್ರತ್ಯುತ್ತರ ಬರೆದು ಜಗಳಕ್ಕಿಳಿಯಲಿಲ್ಲ. ಅದೇ ವರ್ಷ ಚೀನಾದ ಮಹಾಗೋಡೆಯ ಒಂದು ಭಾಗಕ್ಕೆ ಕಾಗದ ಹೊದಿಸಿ, ಶಾಯಿಯಿಂದ ತಟ್ಟಿ ಅದರ ಅಚ್ಚನ್ನು ತೆಗೆದರು. ಆ ಹೊಸ ಕೃತಿಗೆ ನಿಂದೆಯ ಮಾತನ್ನೇ ಹೆಸರಾಗಿಟ್ಟರು. ಬಳಿಕ ಅಮೆರಿಕಕ್ಕೆ ತೆರಳಿದರು. 1991ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ ಆಕಾಶದ ಗ್ರಂಥವು ಪ್ರದರ್ಶಿತವಾಯಿತು. ಅನಂತರ ಹಲವು ದೇಶಗಳ ಸಂಗ್ರಹಾಲಯಗಳು ಅದನ್ನು ಪ್ರದರ್ಶಿಸಿದವು.

ಇದು ಕೂಟಲೇಖವೇ?

ಇಲ್ಲಿ ಒಂದು ನೈತಿಕ ಪ್ರಶ್ನೆಯೇಳುತ್ತದೆ. ಇಲ್ಲದ ಅಕ್ಷರಗಳಿಂದ ಇರುವ ಗ್ರಂಥದಂತೆ ತೋರಿಸುವುದು ವಂಚನೆಯಲ್ಲವೇ? ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳುಬರಹವನ್ನು ಹುಟ್ಟಿಸುವುದನ್ನು, ಒಂದೆಂದು ಎಣಿಸಿದೆ. ಆ ಮಾತು ಈ ಕೃತಿಗೆ ಅನ್ವಯಿಸುವುದೇ?

ಕೂಟಲೇಖದ ದೋಷವಿರುವುದು ಇಲ್ಲದುದನ್ನು ಇದೆಯೆಂದು ನಂಬಿಸಿ, ಪರರಿಗೆ ಹಾನಿಯನ್ನುಂಟುಮಾಡುವುದರಲ್ಲಿ. ಆಡದ ಮಾತನ್ನು ಆಡಿದರೆಂದು, ಮಾಡದ ಕಾರ್ಯವನ್ನು ಮಾಡಿದರೆಂದು ಬರೆಯುವುದು ಕೂಟಲೇಖ. ಈ ಅಳತೆಗೋಲಿನಿಂದ ನೋಡಿದರೆ 1966ರ ಭಿತ್ತಿಪತ್ರಗಳಲ್ಲಿ ಅನೇಕವು ಕೂಟಲೇಖಗಳೇ. ಅವುಗಳ ಪ್ರತಿಯೊಂದು ಅಕ್ಷರವೂ ನಿಘಂಟಿನಲ್ಲಿತ್ತು, ವಾಕ್ಯರಚನೆ ಶುದ್ಧವಾಗಿತ್ತು, ದಾರಿಹೋಕನೂ ಓದಬಹುದಿತ್ತು. ಆದರೂ ಅವು ಅಸತ್ಯವನ್ನು ನುಡಿದವು, ಹಿಂಸೆಗೆ ಕಾರಣವಾದವು. ಆಕಾಶದ ಗ್ರಂಥದಲ್ಲಿ ಒಂದು ಅಕ್ಷರವೂ ನಿಜವಲ್ಲ. ಆದರೆ ಅದು ಯಾರನ್ನೂ ನಿಂದಿಸುವುದಿಲ್ಲ, ಯಾವ ಸುಳ್ಳನ್ನೂ ಹೇಳುವುದಿಲ್ಲ.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ವಚನವನ್ನು ಸತ್ಯ, ಅಸತ್ಯ, ಉಭಯ, ಅನುಭಯವೆಂದು ನಾಲ್ಕಾಗಿ ವಿಂಗಡಿಸಲಾಗಿದೆ. ಕರೆ, ಆಜ್ಞೆ, ಯಾಚನೆ, ಪ್ರಶ್ನೆ ಇವು ಸತ್ಯವೂ ಅಲ್ಲದ ಅಸತ್ಯವೂ ಅಲ್ಲದ ಅನುಭಯ ವಚನಗಳು. ಅನಕ್ಷರಾತ್ಮಕವಾದ ಧ್ವನಿಯೂ ಅದೇ ಗುಂಪಿಗೆ ಸೇರುತ್ತದೆ. ಷು ಬಿಂಗ್ ಅವರ ಗ್ರಂಥವು ಬರಹದ ರೂಪದಲ್ಲಿರುವ ಅನುಭಯವಚನವೆನ್ನಬಹುದು. ಅದು ಹೇಳಿಕೆಯಲ್ಲ, ಪ್ರಶ್ನೆ. ಗ್ರಂಥದ ಆಕಾರ ಕಂಡೊಡನೆ ಒಳಗೆ ಜ್ಞಾನವಿದೆಯೆಂದು ನಂಬಿದವನು ಓದುಗನೇ. ಆ ನಂಬಿಕೆಯನ್ನು ಅವನ ಕೈಗೇ ಹಿಂದಿರುಗಿಸುವುದಷ್ಟೇ ಈ ಕೃತಿಯ ಕಾರ್ಯ.

ಎದುರು ವಾದವೂ ಅಲಕ್ಷ್ಯ ಮಾಡತಕ್ಕದ್ದಲ್ಲ. ಒಳ್ಳೆಯ ಗ್ರಂಥಗಳು ಓದುಗರಿಲ್ಲದೆ ಹಾಳಾಗುತ್ತಿರುವಾಗ ಬರಿದಾದ ಗ್ರಂಥಕ್ಕೆ ಇಷ್ಟು ಶ್ರಮವೇಕೆ ಎಂದು ಕೇಳುವವರುಂಟು. ಅಕ್ಷರದ ಮೇಲಿನ ಶ್ರದ್ಧೆಯನ್ನೇ ಇದು ಸಡಿಲಗೊಳಿಸೀತೆಂದು ಅಂಜುವವರೂ ಉಂಟು. ಆದರೆ ಶ್ರಮವೇ ಇಲ್ಲಿ ಕಲಾವಿದರ ಪ್ರಾಮಾಣಿಕತೆಗೆ ಸಾಕ್ಷಿ. ಅಪಹಾಸ್ಯ ಮಾಡಬಯಸಿದವನು ನಾಲ್ಕು ಪುಟ ಗೀಚಿ ಸುಮ್ಮನಾಗುತ್ತಿದ್ದನು. ವರ್ಷಗಳ ಕಾಲ ಒಂದೊಂದು ಮೊಳೆಯನ್ನೂ ಶಾಸ್ತ್ರೋಕ್ತವಾಗಿ ಕೆತ್ತಿದವರು ಅಕ್ಷರವನ್ನು ಹಗುರವಾಗಿ ಕಂಡವರಲ್ಲ. ಶ್ರದ್ಧೆಯು ಪರೀಕ್ಷೆಯಿಂದ ನಶಿಸುವುದಿಲ್ಲ. ಪರೀಕ್ಷೆಯಿಲ್ಲದ ಶ್ರದ್ಧೆಯೇ ಗೋಡೆಯ ಮೇಲಣ ದೊಡ್ಡಕ್ಷರಕ್ಕೆ ಸುಲಭವಾಗಿ ಮಣಿಯುವಂತಹುದು.

ಓದಬಲ್ಲ ಅಕ್ಷರದೆಡೆಗೆ

ಷು ಬಿಂಗ್ ಅಲ್ಲಿಗೇ ನಿಲ್ಲಲಿಲ್ಲವೆಂಬುದು ಮುಖ್ಯ. ಅಮೆರಿಕದಲ್ಲಿ ನೆಲಸಿದ ಮೇಲೆ ಅವರು 1994ರಿಂದ ‘ಚೌಕ ಪದಗಳ ಲಿಪಿ’ಯನ್ನು ರೂಪಿಸಿದರು. ನೋಡಲು ಚೀನಿ ಅಕ್ಷರ. ಗಮನಿಸಿದರೆ ಒಂದೊಂದು ಚೌಕದೊಳಗೂ ಒಂದು ಇಂಗ್ಲಿಷ್ ಪದದ ಅಕ್ಷರಗಳು ಅಡಗಿವೆ. ಅದನ್ನು ಕಲಿಸುವ ಪಠ್ಯಪುಸ್ತಕವನ್ನು ಮರದಚ್ಚಿನಲ್ಲಿ ಮುದ್ರಿಸಿ, ಪ್ರದರ್ಶನಶಾಲೆಯಲ್ಲಿ ಮೇಜು, ಕುಂಚ, ಶಾಯಿಗಳನ್ನಿಟ್ಟು ತರಗತಿಯಂತೆ ಸಜ್ಜುಗೊಳಿಸಿದರು. ಮೊದಲ ಕೃತಿ ಪರಿಚಿತವೆಂದು ತೋರಿ ಓದಲಾಗದುದು. ಇದು ಅಪರಿಚಿತವೆಂದು ತೋರಿ, ತಾಳ್ಮೆಯಿದ್ದವರಿಗೆ ಓದಲಾಗುವಂತಹುದು.

2003ರಲ್ಲಿ ಚ್ಯೂಯಿಂಗ್ ಗಮ್ ಹೊದಿಕೆಯ ಮೇಲಿದ್ದ ಚಿತ್ರಸಂಕೇತವು ಅವರ ಗಮನ ಸೆಳೆಯಿತು. ಉಗಿದುದನ್ನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಬೇಕೆಂದು ಮಾತಿಲ್ಲದೆ ಹೇಳುವ ಸಂಕೇತವದು. ವಿಮಾನ, ರಸ್ತೆ, ಕಂಪ್ಯೂಟರುಗಳಲ್ಲಿ ಬಳಕೆಯಾಗುವ ಇಂತಹ ಗುರುತುಗಳನ್ನು ಕೂಡಿಸಿ, ನಗರದ ನೌಕರನೊಬ್ಬನ 24 ಗಂಟೆಗಳ ದಿನಚರಿಯನ್ನು ‘ಭೂಮಿಯ ಗ್ರಂಥ’ವೆಂಬ ಹೆಸರಿನಲ್ಲಿ ರಚಿಸಿದರು. ಯಾವ ಭಾಷೆಯವರಾದರೂ, ಓದುಬರಹ ಬಾರದವರಾದರೂ ಅದನ್ನು ಬಹುಮಟ್ಟಿಗೆ ಅರಿಯಬಹುದು. ಯಾರೂ ಓದಲಾಗದ ಆಕಾಶದ ಗ್ರಂಥದಿಂದ ಎಲ್ಲರೂ ಓದಬಹುದಾದ ಭೂಮಿಯ ಗ್ರಂಥದವರೆಗೆ ಅವರ ಪಯಣ ಸಾಗಿತು. 2008ರಲ್ಲಿ ಅವರು ಸ್ವದೇಶಕ್ಕೆ ಮರಳಿ, ತಾವು ಕಲಿತ ಅಕಾಡೆಮಿಗೇ ಉಪಾಧ್ಯಕ್ಷರಾದರು.

ಗೌರವದ ಪೂರ್ಣತೆ

ಈ ಇತಿಹಾಸದಿಂದ ಗ್ರಂಥಸಂಪತ್ತನ್ನು ಕಾಪಾಡುವವರು ಗ್ರಹಿಸಬೇಕಾದ ಅಂಶವೊಂದಿದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ಓಲೆಗರಿಗಳು ಶತಮಾನಗಳ ಕಾಲ ಭದ್ರವಾಗಿದ್ದವು. ಹಳೆಗನ್ನಡ ಲಿಪಿಯ ಆ ಪ್ರತಿಗಳನ್ನು ಭಕ್ತರು ದೂರದಿಂದ ದರ್ಶನ ಮಾಡಿ ಧನ್ಯರಾಗುತ್ತಿದ್ದರು, ಓದಬಲ್ಲವರು ವಿರಳರಾಗಿದ್ದರು. ಪೂಜೆಯು ಆ ಗ್ರಂಥಗಳನ್ನು ಉಳಿಸಿತು; ಅಷ್ಟರಮಟ್ಟಿಗೆ ಅದು ಮಹೋಪಕಾರ. ಆದರೆ ನೋಡುವವರ ಪಾಲಿಗೆ ಅವೂ ಒಂದು ಬಗೆಯ ಆಕಾಶದ ಗ್ರಂಥಗಳೇ ಆಗಿದ್ದವು. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ತೆಗೆಯುವ ಕಾರ್ಯವು ಆರಂಭವಾಗಿ, 1939ರಲ್ಲಿ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾಸಹಿತ ಷಟ್ಖಂಡಾಗಮದ ಮೊದಲ ಸಂಪುಟ ಮುದ್ರಣಗೊಂಡಾಗ, ಅಲ್ಲಿಯವರೆಗೆ ಕೈಮುಗಿಸಿಕೊಳ್ಳುತ್ತಿದ್ದ ಗ್ರಂಥವು ಮಾತನಾಡತೊಡಗಿತು.

ಷು ಬಿಂಗ್ ಅವರ ಗ್ರಂಥಕ್ಕೂ ಬಸದಿಯ ಓಲೆಗರಿಗೂ ಇರುವ ಅಂತರ ಇಷ್ಟೇ: ಒಂದರೊಳಗೆ ಅರ್ಥವಿಲ್ಲ, ಮತ್ತೊಂದರೊಳಗೆ ಅಪಾರವಾದ ಅರ್ಥವಿದೆ. ತೆರೆದು ಓದದವನಿಗೆ ಈ ಅಂತರವು ಎಂದಿಗೂ ತಿಳಿಯದು. ಪೆಟ್ಟಿಗೆಯಲ್ಲಿಟ್ಟು ಗಂಧ ಹಚ್ಚಿದಷ್ಟರಿಂದ ಎರಡೂ ಸಮಾನವಾಗಿಬಿಡುತ್ತವೆ. ಅಂತೆಯೇ ಅಚ್ಚಾಗಿ ಬಂದ ಮಾತ್ರಕ್ಕೆ ಪರರ ಮೇಲಣ ನಿಂದೆಯನ್ನು ನಂಬಿದವನು, ಅಕ್ಷರಕ್ಕೆ ಗೌರವ ಸಲ್ಲಿಸಿದವನಲ್ಲ. ಕೂಟಲೇಖಕ್ಕೆ ಸಾಕ್ಷಿ ಹಾಕಿದವನು.

ಬಿದ್ದ ಕಾಗದವನ್ನು ಎತ್ತಿ ಕಣ್ಣಿಗೊತ್ತಿಕೊಳ್ಳುವುದು ಒಳ್ಳೆಯ ಸಂಸ್ಕಾರ, ಅದು ಉಳಿಯಲಿ. ಒತ್ತಿಕೊಂಡ ಬಳಿಕ ಅದರಲ್ಲಿ ಏನು ಬರೆದಿದೆಯೆಂದು ಓದಿ ನೋಡುವ, ಓದಲು ಬಾರದ ಲಿಪಿಯಾದರೆ ಬಲ್ಲವರಿಂದ ಓದಿಸುವ, ಓದಿದುದು ಸತ್ಯವೇ ಎಂದು ವಿಚಾರಿಸುವ ಅಭ್ಯಾಸವೂ ಅದರೊಡನೆ ಸೇರಿದಾಗ ಅಕ್ಷರಗೌರವವು ಪೂರ್ಣವಾಗುತ್ತದೆ.